ಚಿಪ್‌ನ ನಾಡಿ ಹಿಡಿಯುವ ಹೊಸ ಪಂಡಿತ

ನಲವತ್ತೊಂಬತ್ತು ದಿನ ಒಂದಿಷ್ಟೂ ತಕರಾರಿಲ್ಲದೆ ಕೆಲಸ ಮಾಡಿದ ಯಂತ್ರವೊಂದು ಐವತ್ತನೆಯ ದಿನ ಇದ್ದಕ್ಕಿದ್ದಂತೆ ಕೈಕೊಟ್ಟರೆ ಯಾರನ್ನು ದೂರುವುದು? ತಂತಿ ಸಡಿಲವಾಗಿಲ್ಲ. ಕರೆಂಟು ಹೋಗಿಲ್ಲ. ಒಮ್ಮೆ ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡತೊಡಗುತ್ತದೆ. ಮುಂದಿನ ನಲವತ್ತೊಂಬತ್ತು ದಿನಗಳ ಮಟ್ಟಿಗೆ!

ಇದು ಮಾಟವೂ ಅಲ್ಲ, ಒಗಟೂ ಅಲ್ಲ, ಶುದ್ಧ ಅಂಕಗಣಿತ. ಹಳೆಯ ಸ್ಕೂಟರುಗಳ ಮೈಲುಮಾಪಕವನ್ನು ನೆನಪು ಮಾಡಿಕೊಳ್ಳಿ. ಐದು ಮನೆಗಳಿದ್ದರೆ 99,999 ಆದ ಮೇಲೆ ಅದು ತಿರುಗಿ ಸೊನ್ನೆಗೆ ಬರುತ್ತದೆ. ಗಣಕದ ಒಳಗಿನ ಎಣಿಕೆಯೂ ಹಾಗೆಯೇ. 32 ಬಿಟ್‌ಗಳ ಮನೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295. ಇನ್ನೊಂದು ಸೇರಿಸಿದರೆ ಸೊನ್ನೆ. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಒಂದರಂತೆ ಎಣಿಸುತ್ತ ಹೋದರೆ ಈ ಮನೆ ತುಂಬಲು ಬೇಕಾಗುವ ಕಾಲ 49 ದಿನ, 17 ಗಂಟೆ, 2 ನಿಮಿಷ, 47 ಸೆಕೆಂಡು. ಮೈಕ್ರೊಸಾಫ್ಟ್ ಕಂಪನಿಯ ವಿಂಡೋಸ್ 95 ಸತತವಾಗಿ 49.7 ದಿನ ಓಡಿದರೆ ಸ್ತಬ್ಧವಾಗುತ್ತದೆಂದು ಆ ಕಂಪನಿಯೇ 1999ರಲ್ಲಿ ಒಪ್ಪಿಕೊಂಡದ್ದು ಇದೇ ಲೆಕ್ಕದಿಂದ. (ಅಷ್ಟು ದಿನ ಆ ವಿಂಡೋಸ್ ನಿಲ್ಲದೆ ಓಡಿದ್ದೇ ದೊಡ್ಡ ಸಂಗತಿ ಎಂದು ಆಗ ಹಾಸ್ಯ ಮಾಡಿದವರೂ ಉಂಟು.) 2015ರಲ್ಲಿ ಬೋಯಿಂಗ್ 787 ವಿಮಾನಗಳ ವಿದ್ಯುತ್ ಜನಕಗಳ ನಿಯಂತ್ರಣ ಘಟಕದಲ್ಲೂ ಇದೇ ಜಾತಿಯ ದೋಷ ಪತ್ತೆಯಾಯಿತು. 248 ದಿನ ನಿರಂತರವಾಗಿ ವಿದ್ಯುತ್ತಿನ ಸಂಪರ್ಕದಲ್ಲೇ ಇಟ್ಟರೆ ನಾಲ್ಕೂ ಘಟಕಗಳು ಒಟ್ಟಿಗೆ ಕೈಚೆಲ್ಲುವ ಸಂಭವವಿತ್ತು. 120 ದಿನಕ್ಕೊಮ್ಮೆಯಾದರೂ ವಿಮಾನದ ವಿದ್ಯುತ್ತನ್ನು ಪೂರ್ತಿ ಆರಿಸಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ ಆಜ್ಞೆ ಹೊರಡಿಸಿತು.

ಎಣಿಕೆ ತಿರುಗಿ ಸೊನ್ನೆಯಾಗುವುದು ತಮಾಷೆಯ ವಿಷಯವಲ್ಲ ಎಂಬುದಕ್ಕೆ ಇನ್ನೂ ಕಹಿಯಾದ ಉದಾಹರಣೆಯಿದೆ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿದ್ದ ಥೆರಾಕ್-25 ಎಂಬ ಯಂತ್ರ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿಗೆ ಮಿತಿಮೀರಿದ ವಿಕಿರಣ ಉಣಿಸಿತು, ಕೆಲವರು ಸತ್ತರು. ಅದರ ತಂತ್ರಾಂಶದಲ್ಲಿದ್ದ ದೋಷಗಳಲ್ಲಿ ಒಂದು ಹೀಗಿತ್ತು: ‘ಯಂತ್ರದ ಜೋಡಣೆಯನ್ನು ಇನ್ನೊಮ್ಮೆ ಪರೀಕ್ಷಿಸು’ ಎಂದು ಸೂಚಿಸಲು ಒಂದು ಬೈಟ್ ಅಗಲದ ಮನೆಯಲ್ಲಿ ಪ್ರತಿ ಸುತ್ತಿಗೂ ಒಂದನ್ನು ಕೂಡಿಸಲಾಗುತ್ತಿತ್ತು. ಅದು ಸೊನ್ನೆಯಲ್ಲದಿದ್ದರೆ ಪರೀಕ್ಷೆ ನಡೆಯಬೇಕು. ಆದರೆ ಒಂದು ಬೈಟ್‌ನಲ್ಲಿ 255 ಆದ ಮೇಲೆ ಬರುವುದು ಸೊನ್ನೆ! 256ನೆಯ ಸುತ್ತಿನ ಆ ಒಂದು ಕ್ಷಣದಲ್ಲಿ ನಡೆಸುವವರು ಗುಂಡಿ ಒತ್ತಿದರೆ ಪರೀಕ್ಷೆಯೇ ಇಲ್ಲದೆ ಕಿರಣ ಹೊರಡುತ್ತಿತ್ತು.

ಹದಿಮೂರು ಗಂಟೆಗೆ ಏಳುವವನು

ಇಷ್ಟು ದೊಡ್ಡ ಯಂತ್ರಗಳನ್ನು ಬಿಟ್ಟು ಮನೆಯ ಮಟ್ಟಕ್ಕೆ ಬರೋಣ. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕ ಇಂದು ಎಲ್ಲಿಲ್ಲ? ಬಟ್ಟೆ ಒಗೆಯುವ ಯಂತ್ರದಲ್ಲಿ, ಇಂಡಕ್ಷನ್ ಒಲೆಯಲ್ಲಿ, ಯುಪಿಎಸ್‌ನಲ್ಲಿ, ಗೋಡೆಯ ಮೇಲಿನ ಕರೆಂಟು ಮೀಟರಿನಲ್ಲಿ. ಲೆಕ್ಕ ಮಾಡುವ ಘಟಕ, ಸ್ಮರಣಕೋಶ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ದ್ವಾರಗಳು ಎಲ್ಲವೂ ಒಂದೇ ಬಿಲ್ಲೆಯಲ್ಲಿ ಅಡಕವಾಗಿರುತ್ತವೆ. ನಮ್ಮ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಪಾಠ ಕಲಿತ ಇಂಟೆಲ್ 8051 ಬಂದದ್ದು 1980ರಲ್ಲಿ. ಅದರಲ್ಲಿ ಓದಿ ಬರೆಯಬಲ್ಲ ಸ್ಮರಣಕೋಶ ಕೇವಲ 128 ಬೈಟ್. 2021ರ ಜನವರಿಯಲ್ಲಿ ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಸಂಸ್ಥೆ ನಾಲ್ಕು ಡಾಲರಿಗೆ ಮಾರುಕಟ್ಟೆಗೆ ತಂದ ‘ಪಿಕೊ’ ಎಂಬ ಫಲಕದ ಚಿಪ್‌ನಲ್ಲಿ 264 ಕಿಲೊಬೈಟ್ ಇದೆ. ಲೆಕ್ಕ ಮಾಡುವ ಘಟಕಗಳೂ ಎರಡು.

ಒಬ್ಬ ವಿದ್ಯಾರ್ಥಿ ಇಂಥ ಪಿಕೊ ಬಳಸಿ ಮನೆಯ ಮೇಲಿನ ಟ್ಯಾಂಕಿನ ಪಂಪಿಗೆ ನಿಯಂತ್ರಕ ಮಾಡಿದ್ದಾನೆ ಎನ್ನೋಣ. ಪ್ರತಿ ಸೆಕೆಂಡಿಗೊಮ್ಮೆ ನೀರಿನ ಮಟ್ಟ ನೋಡಬೇಕು. ತುಂಬಿದ್ದರೆ ಪಂಪು ನಿಲ್ಲಿಸಬೇಕು. ಅವನ ಪ್ರೋಗ್ರಾಂ ಒಂದು ಸಲ ಮಟ್ಟ ನೋಡಿದಾಗ, ಆಗಿನ ಎಣಿಕೆಗೆ 1,000 ಕೂಡಿಸಿ ‘ಮುಂದಿನ ಸರದಿ ಇಷ್ಟಕ್ಕೆ’ ಎಂದು ಗುರುತು ಮಾಡಿಕೊಳ್ಳುತ್ತದೆ. ಎಣಿಕೆ ಆ ಗುರುತನ್ನು ಮುಟ್ಟಿದಾಗ ಮತ್ತೆ ಮಟ್ಟ ನೋಡುತ್ತದೆ. ಸರಿಯಾಗಿಯೇ ಇದೆಯಲ್ಲ? ಆದರೆ ಆತ ಎಣಿಕೆಗೆ 32 ಬಿಟ್‌ಗಳ ಮನೆ ಕೊಟ್ಟು, ‘ಮುಂದಿನ ಸರದಿ’ಗೆ 64 ಬಿಟ್‌ಗಳ ದೊಡ್ಡ ಮನೆ ಕೊಟ್ಟಿದ್ದಾನೆ. ಐವತ್ತನೆಯ ದಿನ ಎಣಿಕೆ 4,29,49,67,000 ಇದ್ದಾಗ ‘ಮುಂದಿನ ಸರದಿ 4,29,49,68,000ಕ್ಕೆ’ ಎಂದು ಪ್ರೋಗ್ರಾಂ ಬರೆದಿಟ್ಟುಕೊಳ್ಳುತ್ತದೆ. ಎಣಿಕೆ 4,29,49,67,295 ಮುಟ್ಟಿ ಸೊನ್ನೆಗೆ ಇಳಿಯುತ್ತದೆ. ಆ ಸರದಿ ಬರುವುದೇ ಇಲ್ಲ! ಹನ್ನೆರಡು ಅಂಕಿಯ ಗಡಿಯಾರ ಎದುರಿಗಿಟ್ಟುಕೊಂಡು ‘ಮುಳ್ಳು ಹದಿಮೂರಕ್ಕೆ ಬಂದಾಗ ಎಬ್ಬಿಸಿ’ ಎಂದು ಮಲಗಿದವನ ಕಥೆಯಿದು. ಆ ಹೊತ್ತಿಗೆ ಪಂಪು ಓಡುತ್ತಿದ್ದರೆ ಓಡುತ್ತಲೇ ಇರುತ್ತದೆ. ಟ್ಯಾಂಕು ಉಕ್ಕಿ ಹರಿಯುತ್ತದೆ, ಬಾವಿ ಬರಿದಾದರೆ ಮೋಟಾರು ಸುಡುತ್ತದೆ.

ಇಂಥ ದೋಷವನ್ನು ಹುಡುಕುವುದು ಹೇಗೆ? ಪ್ರಯೋಗಾಲಯದಲ್ಲಿ ಎರಡು ದಿನ ಓಡಿಸಿ ನೋಡಿದರೆ ಎಲ್ಲ ಸರಿ. ಪ್ರತಿ ಪರೀಕ್ಷೆಗೂ ಐವತ್ತು ದಿನ ಕಾಯುತ್ತ ಕೂರಲು ಯಾರಿಗಿದೆ ವ್ಯವಧಾನ? ಇಲ್ಲಿಯೇ ಡಿಬಗರ್ ಎಂಬ ಉಪಕರಣದ ಪ್ರವೇಶವಾಗುವುದು.

ಹುಳ ಹಿಡಿಯುವ ವಿದ್ಯೆ

ಇಂಗ್ಲಿಷಿನಲ್ಲಿ ‘ಬಗ್’ ಎಂದರೆ ಹುಳ. ಯಂತ್ರದ ದೋಷಕ್ಕೆ ಆ ಹೆಸರು ಥಾಮಸ್ ಎಡಿಸನ್ನನ ಕಾಲದಿಂದಲೇ ಬಳಕೆಯಲ್ಲಿತ್ತು. 1878ರ ಅವನ ಒಂದು ಪತ್ರದಲ್ಲಿಯೇ ಅದು ಕಾಣಸಿಗುತ್ತದೆ. ಆದರೆ ನಿಜವಾದ ಹುಳ ಸಿಕ್ಕಿಬಿದ್ದದ್ದು 1947ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಹಾರ್ವರ್ಡ್ ಮಾರ್ಕ್-2 ಗಣಕದ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿ ಸತ್ತಿತ್ತು. ಅಲ್ಲಿನವರು ಅದನ್ನು ಟೇಪು ಹಚ್ಚಿ ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಇಂದಿಗೂ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತು ಸಂಗ್ರಹದಲ್ಲಿದೆ.

ರಿಲೇಗಳ ಕಾಲದಲ್ಲಿ ದೋಷವನ್ನು ಕಣ್ಣಿನಿಂದ ನೋಡಬಹುದಿತ್ತು. ಚಿಪ್ ಬಂದ ಮೇಲೆ ಆ ಸುಖ ಹೋಯಿತು. ಕಪ್ಪು ಬಿಲ್ಲೆಯೊಳಗೆ ಸೆಕೆಂಡಿಗೆ ಕೋಟ್ಯಂತರ ಆದೇಶಗಳು ಓಡುತ್ತಿರುತ್ತವೆ. ಹೊರಗೆ ಕಾಣುವುದು ಒಂದಿಷ್ಟು ಕಾಲುಗಳು ಮಾತ್ರ. ದೀಪವೊಂದನ್ನು ಮಿನುಗಿಸಿ ‘ಪ್ರೋಗ್ರಾಂ ಇಲ್ಲಿಯವರೆಗೆ ಬಂದಿದೆ’ ಎಂದು ತಿಳಿಯುವುದು ಬಡವರ ಉಪಾಯ. ಈಗಲೂ ಎಲ್ಲರೂ ಮಾಡುತ್ತಾರೆ, ಮಾಡಬೇಕಾದದ್ದೇ. ಆದರೆ ಅದು ಮುಚ್ಚಿದ ಬಾಗಿಲಿನ ಹೊರಗೆ ನಿಂತು ಒಳಗಿನ ಸದ್ದು ಕೇಳಿದಂತೆ.

ಒಳಗೆ ಹೋಗಲು ಬಾಗಿಲು ಮಾಡಿಕೊಟ್ಟದ್ದು ಬೇರೆ ಕಾರಣಕ್ಕೆ ಹುಟ್ಟಿದ ಒಂದು ಕೂಟ. ಫಲಕಗಳ ಮೇಲೆ ಚಿಪ್‌ಗಳ ಸಾಂದ್ರತೆ ಹೆಚ್ಚಿದಂತೆ, ಬೆಸುಗೆ ಸರಿಯಾಗಿ ಕೂತಿದೆಯೇ ಎಂದು ಸೂಜಿ ಚುಚ್ಚಿ ನೋಡುವುದು ಕಷ್ಟವಾಯಿತು. 1985ರಲ್ಲಿ ಕೆಲವು ಎಲೆಕ್ಟ್ರಾನಿಕ್ ಕಂಪನಿಗಳು ಸೇರಿ ಜಾಯಿಂಟ್ ಟೆಸ್ಟ್ ಆ್ಯಕ್ಷನ್ ಗ್ರೂಪ್ ಎಂಬ ತಂಡ ಕಟ್ಟಿದವು. ಆ ಹೆಸರಿನ ಮೊದಲಕ್ಷರಗಳಿಂದಲೇ ‘ಜೆಟ್ಯಾಗ್’ ಎಂಬ ಪದ ಬಂತು. ನಾಲ್ಕೈದು ತಂತಿಗಳ ಮೂಲಕ ಚಿಪ್‌ನ ಎಲ್ಲ ಕಾಲುಗಳ ಸ್ಥಿತಿಯನ್ನು ಓದುವ ವಿಧಾನವನ್ನು ಅವರು ರೂಪಿಸಿದರು. 1990ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಬೆಸುಗೆ ನೋಡಲು ಮಾಡಿದ ಕಿಂಡಿಯಿಂದ ಚಿಪ್‌ನ ಅಂತರಂಗವನ್ನೂ ಇಣುಕಬಹುದಲ್ಲ ಎಂದು ತಯಾರಕರಿಗೆ ಹೊಳೆದದ್ದೇ ತಡ, ಎಲ್ಲರೂ ಅದೇ ದಾರಿ ಹಿಡಿದರು. ಮುಂದೆ ಬ್ರಿಟನ್ನಿನ ಆರ್ಮ್ ಕಂಪನಿ ಕಾಲುಗಳನ್ನು ಉಳಿಸಲೆಂದು ಎರಡೇ ತಂತಿಗಳ ‘ಸೀರಿಯಲ್ ವೈರ್ ಡಿಬಗ್’ ಪದ್ಧತಿಯನ್ನು ತಂದಿತು. ಪಿಕೊ ಚಿಪ್‌ನಲ್ಲಿರುವುದು ಅದೇ.

ಎರಡು ತಂತಿಗಳಲ್ಲಿ ಒಂದು ತಾಳ ಹಾಕುತ್ತದೆ, ಇನ್ನೊಂದು ಮಾತಾಡುತ್ತದೆ. ಹೊರಗಿನ ಉಪಕರಣ ಮೊದಲು ಎಂಟು ಬಿಟ್‌ಗಳ ಕೋರಿಕೆ ಕಳುಹಿಸುತ್ತದೆ: ಓದಬೇಕೋ ಬರೆಯಬೇಕೋ, ಯಾವ ಕಡೆ ಎಂದು. ಚಿಪ್ ಮೂರು ಬಿಟ್‌ಗಳಲ್ಲಿ ‘ಸರಿ’, ‘ತಾಳು’ ಇಲ್ಲವೇ ‘ತಪ್ಪಾಯಿತು’ ಎನ್ನುತ್ತದೆ. ಬಳಿಕ 32 ಬಿಟ್‌ಗಳ ಮಾಹಿತಿ, ಅದರ ಬೆನ್ನಿಗೆ ಒಂದು ಕಾವಲು ಬಿಟ್. ಆ 32ರಲ್ಲಿ ಒಂದರ ಅಂಕಿಗಳು ಬೆಸವಾಗಿದ್ದರೆ ಕಾವಲು ಬಿಟ್ 1, ಸಮವಾಗಿದ್ದರೆ 0. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಲೆಕ್ಕ ತಪ್ಪಿ ಸಿಕ್ಕಿಬೀಳುತ್ತದೆ. ಎರಡು ಬಿಟ್ ಒಟ್ಟಿಗೆ ಕೆಟ್ಟರೆ? ವಿದ್ಯಾರ್ಥಿಗಳೇ ಯೋಚಿಸಿ ನೋಡಲಿ.

ಈ ಕಿಂಡಿಯಿಂದ ಆಗುವ ಕೆಲಸ ಸಣ್ಣದಲ್ಲ. ಪ್ರೋಗ್ರಾಂ ಓಡುತ್ತಿರುವಾಗಲೇ ಸ್ಮರಣಕೋಶದ ಯಾವ ಮನೆಯಲ್ಲಿ ಯಾವ ಸಂಖ್ಯೆ ಇದೆಯೆಂದು ಓದಬಹುದು. ಬೇರೆ ಸಂಖ್ಯೆ ತುರುಕಬಹುದು. ‘ಇಂಥ ಆದೇಶಕ್ಕೆ ಬಂದಾಗ ನಿಲ್ಲು’ ಎಂದು ತಡೆ ಹಾಕಬಹುದು. ಪಿಕೊದ ಪ್ರತಿ ಘಟಕದಲ್ಲಿ ಇಂಥ ನಾಲ್ಕು ತಡೆಗಳಿಗೆ ಅವಕಾಶವಿದೆ. ‘ಇಂಥ ಮನೆಗೆ ಯಾರಾದರೂ ಕೈಹಾಕಿದರೆ ನಿಲ್ಲು’ ಎಂದು ಕಾವಲು ಕೂರಿಸಬಹುದು; ಅಂಥವು ಎರಡು.

ನಮ್ಮ ಪಂಪಿನ ಸಮಸ್ಯೆಗೆ ಇದರಿಂದ ಏನು ಪ್ರಯೋಜನವೆಂದು ಈಗ ಊಹಿಸಬಹುದು. ಐವತ್ತು ದಿನ ಯಾಕೆ ಕಾಯಬೇಕು? ಎಣಿಕೆಯ ಮನೆಯೊಳಗೆ ನೇರವಾಗಿ 4,29,49,66,000 ಎಂದು ಬರೆದುಬಿಟ್ಟರಾಯಿತು! ಒಂದೂಕಾಲು ಸೆಕೆಂಡಿನಲ್ಲಿ ಐವತ್ತನೆಯ ದಿನ ಬಂದೇಬಿಡುತ್ತದೆ.

ಮಂಗಳನ ಮೇಲೊಂದು ರಿಪೇರಿ

ಇಂಥ ಕಿಂಡಿಗಳ ಬೆಲೆ ಏನೆಂದು ಲೋಕಕ್ಕೆ ತಿಳಿದದ್ದು 1997ರಲ್ಲಿ. ಆ ವರ್ಷ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಮಂಗಳನ ಮೇಲಿಳಿದು, ಸೋಜರ್ನರ್ ಎಂಬ ಪುಟ್ಟ ಬಂಡಿಯನ್ನು ಕೆಳಗಿಳಿಸಿತು. ಕೆಲವೇ ದಿನಗಳಲ್ಲಿ ನೌಕೆಯ ಗಣಕ ಮತ್ತೆ ಮತ್ತೆ ತಾನಾಗಿಯೇ ಮರುಪ್ರಾರಂಭವಾಗತೊಡಗಿತು. ಹಾಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬಿತ್ತು.

ಕಾರಣ ನಮ್ಮ ಕಚೇರಿಗಳಲ್ಲಿ ನಡೆಯುವಂಥದ್ದೇ. ಸಾಹೇಬರಿಗೆ ತುರ್ತಾಗಿ ಬೀರು ತೆಗೆಯಬೇಕಾಗಿದೆ. ಬೀಗದಕೈ ಜವಾನನ ಬಳಿ ಇದೆ. ಜವಾನನನ್ನು ಗುಮಾಸ್ತರು ತಮ್ಮ ಕೆಲಸಕ್ಕೆ ತಡೆದು ನಿಲ್ಲಿಸಿಕೊಂಡಿದ್ದಾರೆ. ಪರಿಣಾಮವಾಗಿ ಸಾಹೇಬರು ಗುಮಾಸ್ತರಿಗೆ ಕಾಯಬೇಕಾಗಿದೆ! ಪಾಥ್‌ಫೈಂಡರಿನಲ್ಲಿ ಸಾಹೇಬರ ಸ್ಥಾನದಲ್ಲಿದ್ದದ್ದು ಮಾಹಿತಿ ಹಂಚುವ ಕೆಲಸ. ಜವಾನನ ಸ್ಥಾನದಲ್ಲಿ ಹವಾಮಾನ ದಾಖಲಿಸುವ ಕೆಲಸ. ಮೇಲಿನ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಏನೋ ಅನಾಹುತವಾಗಿದೆಯೆಂದು ಇಡೀ ಗಣಕವನ್ನೇ ಮರುಪ್ರಾರಂಭ ಮಾಡುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಎಂಜಿನಿಯರುಗಳ ದೂರದೃಷ್ಟಿ. ದೋಷ ಹುಡುಕಲು ಬೇಕಾದ ವ್ಯವಸ್ಥೆಗಳನ್ನು ಉಡಾವಣೆಗೆ ಮುಂಚೆ ಕಿತ್ತುಹಾಕದೆ ಹಾಗೇ ಬಿಟ್ಟಿದ್ದರು. ಭೂಮಿಯ ಮೇಲಿದ್ದ ತದ್ರೂಪಿನಲ್ಲಿ ಅದೇ ಪ್ರೋಗ್ರಾಂ ಓಡಿಸಿ, ಪ್ರತಿ ಹೆಜ್ಜೆಯನ್ನೂ ದಾಖಲಿಸುತ್ತ ಗಂಟೆಗಟ್ಟಲೆ ಕಾದು, ಅದೇ ದೋಷ ಅಲ್ಲಿಯೂ ಮರುಕಳಿಸುವವರೆಗೆ ಬಿಡಲಿಲ್ಲ. ಕಾರಣ ಸಿಕ್ಕ ಮೇಲೆ ಮದ್ದು ಸುಲಭವಿತ್ತು. ಬೀಗದಕೈ ಕೈಯಲ್ಲಿರುವಷ್ಟು ಹೊತ್ತು ಜವಾನನಿಗೂ ಸಾಹೇಬರ ದರ್ಜೆ! ಗುಮಾಸ್ತರು ಅವನನ್ನು ತಡೆಯುವಂತಿಲ್ಲ. ಅದಕ್ಕೆ ಬೇಕಾದ ಗುಂಡಿ ತಂತ್ರಾಂಶದಲ್ಲಿ ಮೊದಲೇ ಇತ್ತು, ಒತ್ತಿರಲಿಲ್ಲ ಅಷ್ಟೇ. ಕೋಟ್ಯಂತರ ಕಿಲೋಮೀಟರ್ ಆಚೆಗಿನ ಗಣಕದ ಸ್ಮರಣಕೋಶದಲ್ಲಿ ಆ ಬದಲಾವಣೆಯನ್ನು ರೇಡಿಯೊ ಮೂಲಕ ಬರೆಯಲಾಯಿತು.

ಊಹೆ, ಪರೀಕ್ಷೆ, ಮರುಪರೀಕ್ಷೆ. ಡಿಬಗರ್ ಕೊಡುವುದು ಸಂಖ್ಯೆಗಳನ್ನು. ಅವುಗಳಲ್ಲಿ ರೋಗವನ್ನು ಕಾಣುವುದು ಮನುಷ್ಯನ ಕೆಲಸ. ಇತ್ತೀಚಿನವರೆಗೂ ಹಾಗೆಯೇ ಇತ್ತು.

ಏಜೆಂಟನ ಕೈಗೆ ಕೊರಳುಗೊಳವೆ

ಏಜೆಂಟ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಜೀವವಿಮೆ. ಕೃತಕ ಬುದ್ಧಿಮತ್ತೆಯವರ ಏಜೆಂಟ್ ಬೇರೆ. ಪ್ರಶ್ನೆ ಕೇಳಿದರೆ ಉತ್ತರ ಬರೆಯುವ ಭಾಷಾ ಮಾದರಿಗಳನ್ನು ಈಗ ಮಕ್ಕಳೂ ಬಲ್ಲರು. ಆದರೆ ಅವು ಬಹುಕಾಲ ಕುರ್ಚಿ ಬಿಟ್ಟೇಳದ ವೈದ್ಯರಂತಿದ್ದವು. ಪಂಪಿನ ಪ್ರೋಗ್ರಾಂ ಬರೆದು ತೋರಿಸಿದರೆ ‘ಇದಿರಬಹುದು, ಅದಿರಬಹುದು’ ಎಂದು ಹತ್ತು ಕಾರಣ ಪಟ್ಟಿ ಮಾಡುತ್ತಿದ್ದವು. ರೋಗಿಯ ಮೈ ಮುಟ್ಟಿ ನೋಡಿದ್ದಿಲ್ಲ. ಇಂಥ ಮಾದರಿಗೆ ಕೆಲವು ಉಪಕರಣಗಳನ್ನು ಬಳಸಲು ಅವಕಾಶ ಕೊಟ್ಟು, ಫಲಿತಾಂಶ ನೋಡಿ ಮುಂದಿನ ಹೆಜ್ಜೆಯನ್ನು ತಾನೇ ನಿರ್ಧರಿಸು ಎಂದು ಬಿಟ್ಟರೆ ಅದೇ ಏಜೆಂಟ್.

ಉಪಕರಣಗಳನ್ನು ಒದಗಿಸುವ ಬಗೆ ಒಂದೊಂದು ಕಡೆ ಒಂದೊಂದು ತರಹ ಇದ್ದರೆ ಗೊಂದಲ ತಾನೆ? ಅದನ್ನು ತಪ್ಪಿಸಲು 2024ರ ನವೆಂಬರಿನಲ್ಲಿ ಅಮೆರಿಕದ ಆಂತ್ರೊಪಿಕ್ ಕಂಪನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ಒಡಂಬಡಿಕೆಯನ್ನು ಪ್ರಕಟಿಸಿತು. ಮೂರು ಪಿನ್ನಿನ ಪ್ಲಗ್ಗು ಯಾವ ಮನೆಯ ಸಾಕೆಟ್ಟಿಗೂ ಹೊಂದುವಂತೆ, ಈ ಒಡಂಬಡಿಕೆಯಂತೆ ಮಾಡಿದ ಉಪಕರಣ ಅದನ್ನು ಒಪ್ಪಿಕೊಂಡ ಯಾವ ಮಾದರಿಗೂ ಹೊಂದುತ್ತದೆ. ಕಡತ ಓದುವುದು, ಲೆಕ್ಕಪಟ್ಟಿ ತಿದ್ದುವುದು ಇತ್ಯಾದಿಗಳ ಜೊತೆಗೆ ಡಿಬಗರನ್ನೂ ಹೀಗೆ ಜೋಡಿಸಬಹುದೆಂದು ಹವ್ಯಾಸಿಗಳೂ ವೃತ್ತಿನಿರತರೂ ಕಂಡುಕೊಂಡರು.

ಇಲ್ಲೊಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಭಾಷಾ ಮಾದರಿ ತಾನಾಗಿ ತಂತಿಯನ್ನು ಮುಟ್ಟುವುದಿಲ್ಲ. ಅದು ಮಾಡುವುದು ಒಂದೇ, ಬರೆಯುವುದು. ‘ಇಂಥ ವಿಳಾಸದಿಂದ ನಾಲ್ಕು ಬೈಟ್ ಓದಿಕೊಡಿ’ ಎಂದು ಗೊತ್ತುಪಡಿಸಿದ ನಮೂನೆಯಲ್ಲಿ ಚೀಟಿ ಬರೆಯುತ್ತದೆ. ಮೇಜಿನ ಮೇಲಿನ ಗಣಕದಲ್ಲಿರುವ ಒಂದು ಸಣ್ಣ ಪ್ರೋಗ್ರಾಂ ಆ ಚೀಟಿ ಓದಿ, ಡಿಬಗರಿನ ತಂತ್ರಾಂಶಕ್ಕೆ ಆದೇಶ ಕೊಡುತ್ತದೆ. ಈ ಕೊಂಡಿ ಹೊಸದಲ್ಲ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಡೊಮಿನಿಕ್ ರಾಥ್ 2005ರಲ್ಲಿ ತನ್ನ ಪದವಿಯ ಪ್ರಬಂಧಕ್ಕಾಗಿ ಬರೆದ ‘ಓಪನ್‌ಒಸಿಡಿ’ ಎಂಬ ತಂತ್ರಾಂಶ, ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ‘ಜಿಡಿಬಿ’ ಎರಡೂ ಉಚಿತವಾಗಿ ದೊರೆಯುತ್ತವೆ. (ವಿದ್ಯಾರ್ಥಿಯ ಪ್ರಾಜೆಕ್ಟು ಬೈಂಡು ಹಾಕಿಸಿದ ಮರುದಿನವೇ ಕಪಾಟು ಸೇರಬೇಕೆಂದೇನೂ ಇಲ್ಲ ಎಂಬುದಕ್ಕೆ ಓಪನ್‌ಒಸಿಡಿ ಸಾಕ್ಷಿ.) ಅಲ್ಲಿಂದ ಆದೇಶ ಯುಎಸ್‌ಬಿ ತಂತಿಯ ಮೂಲಕ ಡಿಬಗರ್ ಡಬ್ಬಿಗೆ, ಡಬ್ಬಿಯಿಂದ ಎರಡು ತಂತಿಗಳ ಮೂಲಕ ಚಿಪ್‌ಗೆ. ಉತ್ತರ ಅದೇ ದಾರಿಯಲ್ಲಿ ಹಿಂದಿರುಗಿ, ಮಾದರಿಯ ಮುಂದೆ ಒಂದು ಸಾಲು ಬರಹವಾಗಿ ನಿಲ್ಲುತ್ತದೆ.

ಪಂಪಿನ ಸಮಸ್ಯೆಯನ್ನು ಇಂಥ ಏಜೆಂಟಿಗೆ ಒಪ್ಪಿಸಿದರೆ ಕೆಲಸ ಹೀಗೆ ಸಾಗಬಹುದು. ‘ಸುಮಾರು ಐವತ್ತು ದಿನಕ್ಕೊಮ್ಮೆ ಪಂಪು ನಿಲ್ಲುವುದೇ ಇಲ್ಲ’ ಎಂಬುದು ದೂರು. ಏಜೆಂಟ್ ಮೊದಲು ಪ್ರೋಗ್ರಾಂ ಓದುತ್ತದೆ. ಎಣಿಕೆ ಮತ್ತು ‘ಮುಂದಿನ ಸರದಿ’ ಯಾವ ವಿಳಾಸಗಳಲ್ಲಿವೆ ಎಂದು ಕಡತದಿಂದ ತಿಳಿದುಕೊಳ್ಳುತ್ತದೆ. ಒಂದು ಸೆಕೆಂಡಿನ ಅಂತರದಲ್ಲಿ ಎರಡು ಸಲ ಎಣಿಕೆಯನ್ನು ಓದುತ್ತದೆ. ಸುಮಾರು 1,000 ಹೆಚ್ಚಾಗಿದ್ದರೆ ಇದು ಮಿಲಿಸೆಕೆಂಡಿನ ಎಣಿಕೆಯೇ ಸರಿ. ಬಳಿಕ 4,29,49,66,000 ಎಂದು ಬರೆಯುತ್ತದೆ. ಐದು ಸೆಕೆಂಡು ಬಿಟ್ಟು ಓದಿದರೆ ಎಣಿಕೆ ತಿರುಗಿ 3,700ರ ಆಸುಪಾಸಿಗೆ ಬಂದಿದೆ. ‘ಮುಂದಿನ ಸರದಿ’ ಮಾತ್ರ 4,29,49,68,000ದಲ್ಲೇ ಕಲ್ಲಾಗಿ ಕುಳಿತಿದೆ. ಕಳ್ಳ ಸಿಕ್ಕಿಬಿದ್ದ! ಡಿಬಗರ್ ಬಳಸುವ ನುರಿತವರು ಅರ್ಧ ಗಂಟೆಯಲ್ಲಿ ಮಾಡುವ ಕೆಲಸವಿದು. ಆದರೆ ಆ ಆದೇಶಗಳು, ವಿಳಾಸಗಳು, ನೂರಾರು ಪುಟಗಳ ಕೈಪಿಡಿ ಇವೆಲ್ಲ ಹೊಸಬರಿಗೆ ಕಬ್ಬಿಣದ ಕಡಲೆ. ಅದನ್ನು ಜಗಿದುಕೊಡುವುದೇ ಏಜೆಂಟಿನ ದೊಡ್ಡ ಉಪಕಾರ.

ಮದ್ದನ್ನೂ ಹೇಳಿಬಿಡೋಣ. ‘ಎಷ್ಟು ಗಂಟೆಗೆ ಏಳಬೇಕು’ ಎಂದು ಬರೆದಿಡುವ ಬದಲು ‘ಮಲಗಿ ಎಷ್ಟು ಹೊತ್ತಾಯಿತು’ ಎಂದು ಕೇಳಬೇಕು. ಹನ್ನೊಂದಕ್ಕೆ ಮಲಗಿದವನಿಗೆ ಗಡಿಯಾರ ಎರಡು ತೋರಿಸಿದರೂ ಕಳೆದದ್ದು ಮೂರು ಗಂಟೆ ಎಂಬುದರಲ್ಲಿ ಸಂಶಯವಿಲ್ಲವಲ್ಲ. 32 ಬಿಟ್‌ಗಳ ಮನೆಯಲ್ಲಿಯೇ ಈಗಿನ ಎಣಿಕೆಯಿಂದ ಹಿಂದಿನದನ್ನು ಕಳೆದರೆ, ನಡುವೆ ಸೊನ್ನೆ ದಾಟಿದ್ದರೂ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ. ಗಣಿತದಲ್ಲಿ ಇದನ್ನು ಗಡಿಯಾರದ ಅಂಕಗಣಿತ ಎನ್ನುತ್ತಾರೆ.

ನಿಲ್ಲಿಸಿದರೆ ನಿಲ್ಲದ ಪಂಪು

ಹಾಗಾದರೆ ಎಲ್ಲವನ್ನೂ ಏಜೆಂಟಿಗೆ ವಹಿಸಿ ಕಾಫಿ ಕುಡಿಯಬಹುದೇ? ಖಂಡಿತ ಕೂಡದು.

ಮೊದಲನೆಯ ಅಪಾಯ ಎಷ್ಟು ಸರಳವೆಂದರೆ ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಡಿಬಗರ್ ‘ನಿಲ್ಲು’ ಎಂದಾಗ ನಿಲ್ಲುವುದು ಪ್ರೋಗ್ರಾಂ, ಪಂಪಲ್ಲ! ಆ ಕ್ಷಣ ಚಿಪ್‌ನ ಕಾಲಿನಲ್ಲಿ ವಿದ್ಯುತ್ತು ಇದ್ದರೆ ಅದು ಹಾಗೆಯೇ ಇರುತ್ತದೆ. ಪಂಪು ಓಡುತ್ತಲೇ ಇರುತ್ತದೆ, ಹೀಟರು ಕಾಯುತ್ತಲೇ ಇರುತ್ತದೆ. ಅದನ್ನು ಆರಿಸಬೇಕಾದ ಪ್ರೋಗ್ರಾಂ ಕಲ್ಲಾಗಿ ನಿಂತಿರುತ್ತದೆ. ದೋಷ ಹುಡುಕಲು ಹೋಗಿ ಆ ದೋಷವನ್ನೇ ಕೈಯಾರೆ ಸೃಷ್ಟಿಸಿದಂತೆ. ಮಾದರಿ ನಿಮಿಷಗಟ್ಟಲೆ ಯೋಚಿಸುತ್ತ ಕುಳಿತರಂತೂ ಮುಗಿದೇಹೋಯಿತು. ಆದ್ದರಿಂದ ಪರೀಕ್ಷೆಯ ಮೇಜಿನ ಮೇಲೆ ನಿಜವಾದ ಪಂಪಿನ ಬದಲು ಒಂದು ಪುಟ್ಟ ಎಲ್‌ಇಡಿ ದೀಪ ಇರಬೇಕು. 230 ವೋಲ್ಟಿನ ತಂತಿ ಆ ಮೇಜಿನ ಹತ್ತಿರವೂ ಸುಳಿಯಬಾರದು. ಈ ಮಾತು ತಂದೆತಾಯಿಗಳಿಗೂ ಅನ್ವಯ.

ಎರಡನೆಯದು, ಓದುವ ಅಧಿಕಾರ ಬೇರೆ, ಬರೆಯುವ ಅಧಿಕಾರ ಬೇರೆ. ಸ್ಮರಣಕೋಶ ಓದಿದರೆ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಚಿಪ್‌ನ ಫ್ಲ್ಯಾಶ್ ಕೋಶವನ್ನು ಅಳಿಸಿ ಬರೆಯುವುದಕ್ಕೆ ಮಿತಿಯಿದೆ; ಜನಪ್ರಿಯವಾದ ಎಸ್‌ಟಿಎಂ32 ಎಫ್103 ಚಿಪ್‌ಗೆ ತಯಾರಕರು ಖಾತರಿ ಕೊಡುವುದು 10,000 ಸಲಕ್ಕೆ. ಎಸ್‌ಟಿಎಂ32 ಎಫ್4 ಜಾತಿಯ ಚಿಪ್‌ಗಳಲ್ಲಿ ಒಂದು ರಕ್ಷಣಾ ಹಂತವಿದೆ: ಅದನ್ನು ಒಮ್ಮೆ ಚಾಲೂ ಮಾಡಿದರೆ ಡಿಬಗರಿನ ಕಿಂಡಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ತಯಾರಕರಿಂದಲೂ ತೆರೆಯಲಾಗದು. ಅಲ್ಲಿಗೆ ಏಜೆಂಟಿನ ಕೈ ತಪ್ಪಿ ತಾಗಬಾರದು. ಓದಲು ಸದಾ ಅನುಮತಿ, ಬರೆಯಲು ಪ್ರತಿ ಸಲವೂ ಮನುಷ್ಯನನ್ನು ಕೇಳು ಎಂಬ ಕಟ್ಟಳೆ ಹಾಕುವುದು ಕ್ಷೇಮ.

ಮೂರನೆಯದು ಇನ್ನೂ ಸೂಕ್ಷ್ಮ. ಭಾಷಾ ಮಾದರಿ ತಪ್ಪನ್ನೂ ಅಷ್ಟೇ ಸರಾಗವಾಗಿ, ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಒಂದು ಚಿಪ್‌ನ ವಿಳಾಸವನ್ನು ಅದರ ಅಣ್ಣತಮ್ಮನಂಥ ಇನ್ನೊಂದು ಚಿಪ್‌ನದೆಂದು ಭಾವಿಸಿ ಓದಿದರೂ ಏನೋ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಗೆ ಚೆಂದದ ಅರ್ಥ ಕಟ್ಟಲು ಅದಕ್ಕೆ ಕಷ್ಟವಿಲ್ಲ. ಆದ್ದರಿಂದ ಅದರ ವ್ಯಾಖ್ಯಾನಕ್ಕಿಂತ ಮುಂಚೆ ಚೀಟಿಗಳ ದಾಖಲೆ ನೋಡಬೇಕು. ಯಾವ ವಿಳಾಸ ಓದಿತು, ಯಾವ ಸಂಖ್ಯೆ ಬಂತು? ದಾಖಲೆಯಲ್ಲಿ ಇಲ್ಲದ್ದನ್ನು ‘ನೋಡಿದೆ’ ಎಂದು ಹೇಳಿದ್ದರೆ ಅದನ್ನು ಬದಿಗಿಡಬೇಕು.

ಕಲಿಯುವ ಮಕ್ಕಳ ವಿಷಯಕ್ಕೆ ಬಂದರೆ ಇದು ಕೇವಲ ಎಚ್ಚರಿಕೆಯ ಮಾತಲ್ಲ. ದೋಷ ಹುಡುಕುವ ಗಂಟೆಗಳಲ್ಲಿಯೇ ಗಣಕದ ಒಳಗು ಅರ್ಥವಾಗುವುದು. ಎಣಿಕೆ ಸೊನ್ನೆಗೆ ಇಳಿದದ್ದನ್ನು ತಾನೇ ಕಂಡ ಹುಡುಗಿ 32 ಬಿಟ್ ಎಂದರೇನು ಎಂಬುದನ್ನು ಜನ್ಮದಲ್ಲಿ ಮರೆಯಲಾರಳು. ಏಜೆಂಟ್ ತಿದ್ದಿಕೊಟ್ಟ ಸಾಲನ್ನು ಅಂಟಿಸಿದವಳು ಮೌಖಿಕ ಪರೀಕ್ಷೆಯಲ್ಲಿ ತಬ್ಬಿಬ್ಬಾಗುತ್ತಾಳೆ. ಹಾಗೆಂದು ಉಪಕರಣವನ್ನೇ ನಿಷೇಧಿಸುವುದು ಕ್ಯಾಲ್ಕುಲೇಟರ್ ಬಂದಾಗ ಕೇಳಿಬಂದ ಬೊಬ್ಬೆಯಂತಾದೀತು. ಏಜೆಂಟನ್ನು ಕರೆಯುವ ಮುನ್ನ ‘ಕಾರಣ ಇದಿರಬಹುದು, ಇದ್ದರೆ ಇಂಥ ಮನೆಯಲ್ಲಿ ಇಂಥ ಸಂಖ್ಯೆ ಕಾಣಬೇಕು’ ಎಂದು ಎರಡು ಸಾಲು ಪ್ರಯೋಗಪುಸ್ತಕದಲ್ಲಿ ಬರೆಸಿದರೆ ಸಾಕು. ಊಹೆ ಮಕ್ಕಳದಾಗಿರಲಿ, ಓಡಾಟ ಏಜೆಂಟಿನದು.

ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ಖರ್ಚಿನ ಭಯ ಬೇಡ. ರಾಸ್ಪ್‌ಬೆರಿ ಪೈ ಸಂಸ್ಥೆ 2023ರಲ್ಲಿ 12 ಡಾಲರಿನ ಡಿಬಗರ್ ಡಬ್ಬಿಯನ್ನು ಹೊರತಂದಿತು. ಅದೂ ಬೇಡವೆಂದರೆ ಎರಡನೆಯ ಪಿಕೊ ಒಂದನ್ನು ಕೊಂಡು, ಸಂಸ್ಥೆಯೇ ಉಚಿತವಾಗಿ ಕೊಡುವ ತಂತ್ರಾಂಶ ತುಂಬಿದರೆ ಅದೇ ಮೊದಲನೆಯದಕ್ಕೆ ಡಿಬಗರ್ ಆಗುತ್ತದೆ. ಬೆಂಗಳೂರಿನ ಸದರ ಪತ್ರಪ್ಪ ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಅಡ್ಡಾಡಿದರೆ ಇಂಥ ಫಲಕಗಳೂ ತಂತಿಗಳೂ ಸಿಗುತ್ತವೆ. ಅಂಚೆಯ ಮೂಲಕ ತರಿಸಿಕೊಳ್ಳುವವರಿಗೂ ತೊಂದರೆಯಿಲ್ಲ.

ಪಿಕೊ ಫಲಕದ ಒಂದು ತುದಿಯಲ್ಲಿ ಡಿಬಗರಿಗೆಂದೇ ಮೂರು ರಂಧ್ರಗಳಿವೆ. ಅಕ್ಕಪಕ್ಕದ ಎರಡು ತಾಳದ ತಂತಿಗೆ ಮತ್ತು ಮಾತಿನ ತಂತಿಗೆ. ನಡುವಿನದು ಗ್ರೌಂಡ್. ಎರಡೇ ತಂತಿಗಳ ಪದ್ಧತಿ ಎಂದು ಓದಿದವರು ಈ ಮೂರನೆಯದನ್ನು ಬಿಟ್ಟುಬಿಡುವುದುಂಟು. ಎರಡೂ ಫಲಕಗಳಿಗೆ ಸಮಾನವಾದ ಸೊನ್ನೆ ವೋಲ್ಟ್ ಇಲ್ಲದಿದ್ದರೆ ಯಾವುದು 1, ಯಾವುದು 0 ಎಂದು ಚಿಪ್‌ಗೆ ತಿಳಿಯುವುದಾದರೂ ಹೇಗೆ? ‘ಚಿಪ್ ಉತ್ತರಿಸುತ್ತಿಲ್ಲ’ ಎಂದು ಏಜೆಂಟ್ ವರದಿ ಮಾಡುತ್ತದೆ. ವೇಗ ಇಳಿಸಿ ನೋಡುತ್ತದೆ, ಸಂರಚನೆಯ ಕಡತ ಬದಲಿಸುತ್ತದೆ, ಚಿಪ್ ಸುಟ್ಟಿರಬಹುದೆಂದೂ ಹೇಳೀತು. ಸಿಕ್ಕಿಸದ ತಂತಿ ಅದಕ್ಕೆ ಕಾಣುವುದಿಲ್ಲ. ಆಗ ಮೇಜಿನ ಬಳಿ ಬಂದ ತಂಗಿಯೋ ತಮ್ಮನೋ ‘ಅಣ್ಣಾ, ಈ ಕಪ್ಪು ವೈರು ಯಾಕೆ ಹೊರಗೆ ನೇತಾಡ್ತಿದೆ?’ ಎಂದು ಕೇಳಬೇಕಾಗುತ್ತದೆ.